ಇಂಗ್ಲಿಷಿನ 'ಟೆಲ್' ಬಳಸುವುದು ಹೇಗೆ? ಮೊದಲು 'ಯಾರಿಗೆ' ಅಂತ ಕೇಳಿಕೊಳ್ಳಿ

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಡೆದದ್ದು. ಮ್ಯಾನೇಜರ್ ಊಟಕ್ಕೆ ಹೊರಟಿದ್ದರು. 'ಲಂಡನ್ನಿನವರು ಫೋನ್ ಮಾಡಿದ್ರೆ ನಾನು ನಾಲ್ಕು ಗಂಟೆಗೆ ಕಾಲ್‌ಗೆ ಬರ್ತೀನಿ ಅಂತ ಹೇಳಿಬಿಡು' ಅಂದರು. ಹತ್ತು ನಿಮಿಷಕ್ಕೆ ಫೋನ್ ಬಂತು. ನಾನು ಒಂದೇ ಉಸಿರಿಗೆ, 'ಮೈ ಮ್ಯಾನೇಜರ್ ಟೋಲ್ಡ್ ಐ ವಿಲ್ ಜಾಯಿನ್ ದ ಕಾಲ್ ಅಟ್ ಫೋರ್' ಅಂದೆ. ಆ ಕಡೆಯವರು 'ಗ್ರೇಟ್, ಸೀ ಯು ಅಟ್ ಫೋರ್' ಅಂತ ಇಟ್ಟರು. ನನಗೂ ಖುಷಿ, ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿದೆನಲ್ಲ ಅಂತ. ನಾಲ್ಕು ಗಂಟೆಗೆ ಮ್ಯಾನೇಜರ್ ಕಾಲ್‌ಗೆ ಹೋದರೆ ಅಲ್ಲಿದ್ದವರೆಲ್ಲ ನನ್ನನ್ನು ಕಾಯುತ್ತಿದ್ದರಂತೆ. 'ಬರ್ತೀನಿ ಅಂದಿದ್ದ ಆ ಹುಡುಗ ಎಲ್ಲಿ?' ಅಂತ ಕೇಳಿದರಂತೆ.

ಆ ವಾಕ್ಯವನ್ನು ಇವತ್ತೂ ಬಿಚ್ಚಿ ನೋಡುತ್ತಿರುತ್ತೇನೆ. ಒಂದೊಂದು ಪದವೂ ಸರಿಯಾದ ಇಂಗ್ಲಿಷ್ ಪದವೇ. ಹೊಲಿಗೆ ಮಾತ್ರ ಪೂರ್ತಿ ಕನ್ನಡದ್ದು. ನಾವು ದಿನಕ್ಕೆ ನೂರು ಸಲ 'ಹೇಳು' ಅನ್ನುತ್ತೇವೆ. ಅದನ್ನು ಇಂಗ್ಲಿಷಿಗೆ ತರುವಾಗ ಕೈಗೆ ಮೊದಲು ಸಿಗೋದು 'ಟೆಲ್'. ಅಲ್ಲೇ ಎಡವುತ್ತೇವೆ. ಆದರೆ ಎಡವೋ ಜಾಗಗಳು ನಾಲ್ಕೈದು ಮಾತ್ರ, ಎಲ್ಲರೂ ಅದೇ ಜಾಗದಲ್ಲಿ ಎಡವುತ್ತೇವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲ ಹೆಜ್ಜೆ: ಕಿವಿ ಯಾರದ್ದು?

ಕನ್ನಡದಲ್ಲಿ 'ಹೇಳಿದೆ' ಅಂದರೆ ಸಾಕು, ವಾಕ್ಯ ಮುಗಿಯಿತು. ಯಾರಿಗೆ ಹೇಳಿದೆ ಅನ್ನೋದು ಕೇಳುವವರಿಗೆ ಹೇಗೂ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿ 'ಐ ಟೋಲ್ಡ್' ಅಂತ ನಿಲ್ಲಿಸಿದರೆ ಎದುರಿನವರು ಬಾಯಿ ತೆರೆದುಕೊಂಡು ಕಾಯುತ್ತಾರೆ. ಯಾರಿಗೆ? ಟೆಲ್ ಅನ್ನೋ ಕ್ರಿಯಾಪದಕ್ಕೆ ಪಕ್ಕದಲ್ಲೇ ಒಬ್ಬ ಮನುಷ್ಯ ಬೇಕು. 'ಐ ಟೋಲ್ಡ್ ಹಿಮ್', 'ಶೀ ಟೋಲ್ಡ್ ಅಸ್', 'ಟೆಲ್ ದ ವಾಚ್‌ಮನ್'. ಆ ಮನುಷ್ಯ ಯಾರು ಅಂತ ಗೊತ್ತಿಲ್ಲದಿದ್ದರೆ, ಅಥವಾ ಹೇಳೋದು ಬೇಡ ಅನಿಸಿದರೆ, ಟೆಲ್ ಬಿಟ್ಟು 'ಸೇ' ಹಿಡಿಯಿರಿ. 'ಹಿ ಸೆಡ್ ಹಿ ವಾಸ್ ಟಯರ್ಡ್'. ಇಲ್ಲಿ ಕೇಳಿದವರು ಯಾರೂ ಬೇಕಿಲ್ಲ.

ನಾನು ಇದನ್ನು ನೆನಪಿಟ್ಟುಕೊಳ್ಳೋದು ಹೀಗೆ: ಟೆಲ್‌ಗೆ ಕಿವಿ ಬೇಕು, ಸೇಗೆ ಮಾತು ಬೇಕು.

'ಹೇಳದೆ ಕೇಳದೆ ಹೊರಟುಹೋದ' ಅಂತೀವಲ್ಲ, ಅದನ್ನು ಇಂಗ್ಲಿಷಿಗೆ ತನ್ನಿ ನೋಡೋಣ. 'ಹಿ ಲೆಫ್ಟ್ ವಿದೌಟ್ ಟೆಲಿಂಗ್' ಅಂದರೆ ವಾಕ್ಯ ಒಂಟಿ ಕಾಲಿನಲ್ಲಿ ನಿಂತಂತೆ. 'ವಿದೌಟ್ ಟೆಲಿಂಗ್ ಎನಿವನ್' ಆಗಬೇಕು. ಯಾರಿಗೂ ಹೇಳಿಲ್ಲ ಅನ್ನೋದಕ್ಕೂ ಅಲ್ಲೊಬ್ಬ 'ಯಾರಿಗೂ' ಬೇಕು!

'ಟು' ಯಾಕೆ ಬೇಡ

ಕಿವಿ ಸಿಕ್ಕಿತು. ಈಗ ಅದರ ಮುಂದೆ ನಾವು ಒಂದು 'ಟು' ತಂದು ಕೂರಿಸುತ್ತೇವೆ. 'ಐ ಟೋಲ್ಡ್ ಟು ಹಿಮ್'. ಇದು ಕನ್ನಡದ 'ಗೆ' ಮಾಡುವ ಕಿತಾಪತಿ. ಅವನಿಗೆ, ಅಮ್ಮನಿಗೆ, ಡ್ರೈವರ್‌ಗೆ. ನಮ್ಮ ತಲೆಯಲ್ಲಿ 'ಗೆ' ಇದ್ದಲ್ಲೆಲ್ಲ ಬಾಯಲ್ಲಿ 'ಟು' ಬರುತ್ತದೆ. ಆದರೆ ಇಂಗ್ಲಿಷಿನ 'ಹಿಮ್' ಅಂದರೆ 'ಅವನನ್ನು' ಅಂತಲೂ ಆಗುತ್ತದೆ, 'ಅವನಿಗೆ' ಅಂತಲೂ ಆಗುತ್ತದೆ. ಟೆಲ್ ಪಕ್ಕ ಕೂತಾಗ ಅದರೊಳಗೇ 'ಗೆ' ಸೇರಿಕೊಂಡಿರುತ್ತದೆ. ಇನ್ನೊಂದು 'ಟು' ಹಾಕಿದರೆ 'ಅವನಿಗೆಗೆ ಹೇಳಿದೆ' ಅಂದ ಹಾಗೆ.

ಹೈಸ್ಕೂಲಿನಲ್ಲಿ ರಿಪೋರ್ಟೆಡ್ ಸ್ಪೀಚ್ ಮಾಡುವಾಗ ಮೇಷ್ಟ್ರು ಒಂದು ಸೂತ್ರ ಬಾಯಿಪಾಠ ಮಾಡಿಸಿರುತ್ತಾರೆ: 'ಸೆಡ್ ಟು' ಇದ್ದರೆ 'ಟೋಲ್ಡ್' ಮಾಡಿ. ಒಂದು ಮಾರ್ಕಿಗೋಸ್ಕರ ನಾವೆಲ್ಲ ಮಾಡಿದ್ದೇವೆ, ಯಾಕೆ ಅಂತ ಕೇಳಲಿಲ್ಲ. ಅರ್ಥ ಇಷ್ಟೇ. 'ಸೆಡ್' ಜೊತೆ 'ಟು' ಸೇರಿದರೆ 'ಟೋಲ್ಡ್'. 'ಟು' ಆಗಲೇ ಅದರ ಹೊಟ್ಟೆಯೊಳಗಿದೆ. ಸೇ ಬಳಸುವಾಗ ಮಾತ್ರ ಅದು ಹೊರಗೆ ಬೇಕು. 'ಶೀ ಸೆಡ್ ಸಮ್‌ಥಿಂಗ್ ಟು ಮಿ'. 'ಶೀ ಸೆಡ್ ಮಿ' ಅನ್ನೋದು ಇಲ್ಲವೇ ಇಲ್ಲ.

ಒಂದು ಮಾತು, ನಡುವೆ. 'ಸೆಡ್' ಪದದ ಸ್ಪೆಲಿಂಗ್ ನೋಡಿ 'ಸೇಡ್' ಅಂತ ಓದುವವರು ಜಾಸ್ತಿ. ಅದು 'ಬೆಡ್' ಪದದ ಪ್ರಾಸಕ್ಕೆ ಹೊಂದುವ 'ಸೆಡ್'. ಎಳೆಯಬೇಡಿ.

ಇನ್ನೂ ಒಂದು ಅಪಾಯ ಇದೆ. ಟೆಲ್ ಕಲಿತ ಹುಮ್ಮಸ್ಸಿನಲ್ಲಿ ಎಲ್ಲ ಕಡೆ 'ಟು' ಕಿತ್ತು ಹಾಕುತ್ತೇವೆ. 'ಎಕ್ಸ್‌ಪ್ಲೇನ್ ಮಿ ದಿಸ್', 'ಸಜೆಸ್ಟ್ ಮಿ ಎ ಗುಡ್ ಹೋಟೆಲ್'. ಎರಡೂ ತಪ್ಪು. ಎಕ್ಸ್‌ಪ್ಲೇನ್, ಸಜೆಸ್ಟ್ ಎರಡೂ ಸೇ ಮನೆತನದವು. 'ಎಕ್ಸ್‌ಪ್ಲೇನ್ ದಿಸ್ ಟು ಮಿ' ಆಗಬೇಕು. ಇನ್‌ಫಾರ್ಮ್, ಆಸ್ಕ್ ಇವು ಟೆಲ್ ಕಡೆಯ ನೆಂಟರು. ಅವಕ್ಕೆ 'ಟು' ಬೇಡ: 'ಐ ಇನ್‌ಫಾರ್ಮ್ಡ್ ದ ಬ್ಯಾಂಕ್', 'ಐ ಆಸ್ಕ್ಡ್ ಹರ್'.

ಕಿವಿ ಇಲ್ಲದೆಯೂ ನಡೆಯುವ ಟೆಲ್

ಕೆಲವು ಕಡೆ ಟೆಲ್ ಪಕ್ಕ ಮನುಷ್ಯ ಇಲ್ಲದಿದ್ದರೂ ಆಗುತ್ತದೆ. ಬೆರಳೆಣಿಕೆಯಷ್ಟೇ. ಟೆಲ್ ದ ಟ್ರೂತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ, ಟೆಲ್ ಎ ಜೋಕ್. ನಿಜಕ್ಕೆ 'ದ', ಸುಳ್ಳಿಗೆ 'ಎ' ಯಾಕೆ ಅಂತ ನಮ್ಮ ಪಕ್ಕದ ಮನೆ ಹುಡುಗಿ ಕೇಳಿದ್ದಳು. ನಿಜ ಇರೋದು ಒಂದೇ ಕಣಮ್ಮ, ಸುಳ್ಳು ಎಷ್ಟು ಬೇಕಾದರೂ ಹುಟ್ಟಿಸಬಹುದು, ಅದರಲ್ಲಿ ಇದೂ ಒಂದು ಅಂತ 'ಎ' ಅಂದೆ. ಅವಳು ಮರೆಯಲಿಲ್ಲ.

'ಟೆಲ್ ದ ಟೈಮ್' ಸ್ವಲ್ಪ ಬೇರೆ. 'ಕ್ಯಾನ್ ಶೀ ಟೆಲ್ ದ ಟೈಮ್?' ಅಂತ ಮಗುವಿನ ಬಗ್ಗೆ ಯಾರಾದರೂ ಕೇಳಿದರೆ, 'ಅವಳಿಗೆ ಗಡಿಯಾರ ನೋಡೋಕೆ ಬರುತ್ತಾ?' ಅಂತ ಅರ್ಥ. ಬಸ್ ಸ್ಟಾಪಿನಲ್ಲಿ ಟೈಮ್ ಕೇಳೋಕೆ 'ಕುಡ್ ಯು ಟೆಲ್ ಮಿ ದ ಟೈಮ್?' ಅನ್ನಿ. ಒಂದು 'ಮಿ' ಬಂದ ತಕ್ಷಣ ಅರ್ಥವೇ ಬದಲಾಯಿತು.

ಈಗ ಉಲ್ಟಾ ನೋಡಿ. ಕನ್ನಡದಲ್ಲಿ 'ಹೇಳು' ಇರೋ ಕಡೆಯೆಲ್ಲ ಟೆಲ್ ಬರೋದಿಲ್ಲ. ನಮ್ಮ 'ಹೇಳು' ಪಾಪ, ಒಂದೇ ಸಂಬಳಕ್ಕೆ ಹತ್ತು ಕೆಲಸ ಮಾಡುತ್ತದೆ. ಹಾಡು ಹೇಳಿದರೆ ಇಂಗ್ಲಿಷಿನಲ್ಲಿ ಅದು 'ಸಿಂಗ್'. ಮಂತ್ರ ಹೇಳಿದರೆ 'ಚಾಂಟ್'. ಪಾಠ ಹೇಳಿಕೊಟ್ಟರೆ 'ಟೀಚ್'. ಬುದ್ಧಿ ಹೇಳಿದರೆ 'ಅಡ್ವೈಸ್'. ಥ್ಯಾಂಕ್ಸ್ ಹೇಳೋದು, ಸಾರಿ ಹೇಳೋದು, ಬಾಯ್ ಹೇಳೋದು ಎಲ್ಲ 'ಸೇ'. ಡಾಕ್ಟರ್‌ಗೆ ಹೇಳಿ ಕಳಿಸಿದರೆ 'ಸೆಂಟ್ ಫಾರ್ ದ ಡಾಕ್ಟರ್'. ಕಣಿ ಹೇಳುವವಳು ಮಾತ್ರ ಟೆಲ್ ಪಕ್ಷದವಳು: 'ಶೀ ಟೆಲ್ಸ್ ಫಾರ್ಚೂನ್ಸ್'. 'ಹೇಳಿ ಮಾಡಿಸಿದ ಹಾಗಿದೆ' ಅನ್ನೋ ನಮ್ಮ ಚಂದದ ಮಾತಿಗಂತೂ ಇಂಗ್ಲಿಷಿನಲ್ಲಿ ಹೇಳುವ ಸಂಗತಿಯೇ ಇಲ್ಲ, ಅಲ್ಲಿ ದರ್ಜಿ ಬರುತ್ತಾನೆ: 'ಟೈಲರ್ ಮೇಡ್'.

ಬೋರ್ಡು, ಪೇಪರ್ ಇವೂ ಸುಮ್ನೆ ಟೆಲ್ ಮಾಡೋದಿಲ್ಲ. 'ಪೇಪರಿನಲ್ಲಿ ಹಾಗಂತ ಇದೆ' ಅನ್ನೋಕೆ 'ಇಟ್ ಸೇಸ್ ಸೋ ಇನ್ ದ ಪೇಪರ್'. ಬೋರ್ಡು ನಿಮಗೆ ಏನಾದರೂ ಮಾಡು ಅಂತ ಅಂದರೆ ಆಗ ಸರಿ: 'ದ ಬೋರ್ಡ್ ಟೆಲ್ಸ್ ಯು ಟು ರಿಮೂವ್ ಯುವರ್ ಶೂಸ್'. ಮತ್ತೆ ಅದೇ, ಕಿವಿ ಸಿಕ್ಕಿತು.

'ಅಂತ' ಇರುವ ಕಡೆ ಹುಷಾರು

ನನ್ನ ಲಂಡನ್ ಫೋನ್ ಕೆಟ್ಟಿದ್ದು ಇಲ್ಲಿ. ಕನ್ನಡದ 'ಅಂತ' ತುಂಬ ಪ್ರಾಮಾಣಿಕ. ಅವರು ಆಡಿದ ಮಾತನ್ನು ಹಾಗೇ ಎತ್ತಿಕೊಂಡು ಬಂದು ನಿಮ್ಮ ಮುಂದೆ ಇಡುತ್ತದೆ. 'ನಾನು ಬರ್ತೀನಿ ಅಂತ ಹೇಳಿದರು.' ಇಲ್ಲಿ 'ನಾನು' ಅಂದರೆ ಮಾತಾಡುತ್ತಿರುವ ನಾನಲ್ಲ, ಮ್ಯಾನೇಜರ್. ಕನ್ನಡದವರಿಗೆ ಗೊಂದಲವೇ ಆಗೋದಿಲ್ಲ. ಇಂಗ್ಲಿಷಿನವರಿಗೆ 'ಐ' ಅಂದರೆ ಈಗ ಫೋನ್ ಹಿಡಿದಿರುವವನೇ.

ಹಾಗಾಗಿ 'ಅಂತ' ಇರುವ ವಾಕ್ಯ ಸಿಕ್ಕಿದಾಗ ಒಂದು ಕ್ಷಣ ನಿಂತು ಅದನ್ನು ತಿರುಗಿಸಬೇಕು. ಅದೇ ವಾಕ್ಯವನ್ನು ತಿರುಗಿಸೋಣ.

ಆಡಿದವರು ಯಾರು? ಮ್ಯಾನೇಜರ್. ಯಾರಿಗೆ ಆಡಿದರು? ನನಗೆ. ಆದ್ದರಿಂದ 'ಮೈ ಮ್ಯಾನೇಜರ್ ಟೋಲ್ಡ್ ಮಿ'. ಒಳಗಿನ 'ನಾನು' ಯಾರು? ಅವರೇ. ಆದ್ದರಿಂದ 'ಐ' ಹೋಗಿ 'ಹಿ' ಬರುತ್ತದೆ. 'ವಿಲ್' ಹೋಗಿ 'ವುಡ್' ಬರುತ್ತದೆ. 'ಮೈ ಮ್ಯಾನೇಜರ್ ಟೋಲ್ಡ್ ಮಿ ಹಿ ವುಡ್ ಜಾಯಿನ್ ದ ಕಾಲ್ ಅಟ್ ಫೋರ್.' ಇಷ್ಟು ಅಂದಿದ್ದರೆ ನಾನು ಅವತ್ತು ಬಚಾವ್.

ನಿಜ ಹೇಳಬೇಕು ಅಂದರೆ ಅಲ್ಲಿ ಟೆಲ್ ಕೂಡ ಬೇಕಿರಲಿಲ್ಲ. 'ಹಿ ವಿಲ್ ಜಾಯಿನ್ ಅಟ್ ಫೋರ್' ಅಂದಿದ್ದರೆ ಸಾಕಿತ್ತು. ಯಾರು ಯಾರಿಗೆ ಹೇಳಿದರು ಅನ್ನೋ ಪುರಾಣ ಲಂಡನ್ನಿನವರಿಗೆ ಯಾಕೆ? ನಾವು ಕನ್ನಡದಲ್ಲಿ ಮಾತಿನ ಮೂಲ ಹೇಳದೆ ಮುಂದೆ ಹೋಗೋದಿಲ್ಲ. ಅದು ಒಳ್ಳೆ ಗುಣವೇ, ಆದರೆ ಎಲ್ಲ ಕಡೆ ಬೇಕಾಗಿಲ್ಲ.

'ವಿಲ್' ಅನ್ನು 'ವುಡ್' ಮಾಡೋದು, 'ಟುಮಾರೋ'ವನ್ನು 'ದ ನೆಕ್ಸ್ಟ್ ಡೇ' ಮಾಡೋದು ಪರೀಕ್ಷೆಯಲ್ಲಿ ಕಡ್ಡಾಯ. ಮಾತಿನಲ್ಲಿ ಅಷ್ಟು ಬಿಗಿ ಇಲ್ಲ. ಅವಳು ಇವತ್ತು ಬೆಳಿಗ್ಗೆ ಹೇಳಿದ್ದಾಳೆ, ನಾಳೆ ಇನ್ನೂ ನಾಳೆಯೇ ಆಗಿದೆ ಅಂದರೆ, 'ಶೀ ಟೋಲ್ಡ್ ಮಿ ಶೀಸ್ ಕಮಿಂಗ್ ಟುಮಾರೋ' ಅನ್ನೋದರಲ್ಲಿ ತಪ್ಪೇನೂ ಇಲ್ಲ. ಹೋದ ತಿಂಗಳ ಕಥೆ ಹೇಳುವಾಗ ಮಾತ್ರ 'ದ ನೆಕ್ಸ್ಟ್ ಡೇ' ಬೇಕು. ಆದರೆ 'ನಾನು, ನೀನು' ಬದಲಾಯಿಸೋದನ್ನು ಎಲ್ಲಿಯೂ ಬಿಡುವ ಹಾಗಿಲ್ಲ. ಕಾಲ ತಪ್ಪಿದರೆ ನಕ್ಕು ಸುಮ್ಮನಾಗುತ್ತಾರೆ. ಆಳು ತಪ್ಪಿದರೆ ಕಾಲ್‌ನಲ್ಲಿ ನಿಮ್ಮನ್ನು ಕಾಯುತ್ತಾರೆ.

ಪ್ರಶ್ನೆ ಬಂದಾಗಲೂ ಇದೇ ತರಹದ ಒಂದು ತಿರುವು ಇದೆ. 'ಬಸ್ ಸ್ಟ್ಯಾಂಡ್ ಎಲ್ಲಿದೆ ಹೇಳಿ.' ನಾವು 'ಟೆಲ್ ಮಿ ವೇರ್ ಈಸ್ ದ ಬಸ್ ಸ್ಟ್ಯಾಂಡ್' ಅನ್ನುತ್ತೇವೆ. ಟೆಲ್ ಮಿ ಅಂದ ಮೇಲೆ ಒಳಗಿನ ಪ್ರಶ್ನೆ ಪ್ರಶ್ನೆಯಾಗಿ ಉಳಿಯೋದಿಲ್ಲ. 'ಈಸ್' ಕೊನೆಗೆ ಹೋಗುತ್ತದೆ: 'ಟೆಲ್ ಮಿ ವೇರ್ ದ ಬಸ್ ಸ್ಟ್ಯಾಂಡ್ ಈಸ್'. ಕ್ರಿಯಾಪದ ಕೊನೆಗೆ ಬರೋದು ಕನ್ನಡದ ಅಭ್ಯಾಸ ತಾನೆ? ಇಲ್ಲಿ ಮಾತ್ರ ಇಂಗ್ಲಿಷ್ ನಮ್ಮ ದಾರಿಗೆ ಬಂದಿದೆ, ಆದರೂ ನಾವೇ ತಪ್ಪುತ್ತೇವೆ.

'ಬರ್ತೀಯೋ ಇಲ್ವೋ ಹೇಳು' ಅನ್ನೋದಕ್ಕೆ 'ಟೆಲ್ ಮಿ ಇಫ್ ಯು ಆರ್ ಕಮಿಂಗ್'. ನಮ್ಮ 'ಓ... ಇಲ್ವೋ' ಜಾಗದಲ್ಲಿ ಒಂದು 'ಇಫ್', ಅಥವಾ 'ವೆದರ್'. ಅಷ್ಟೇ.

ಹೇಳಿದ್ದು ಅಪ್ಪಣೆಯಾದಾಗ

ಟೆಲ್, ಮನುಷ್ಯ, ಆಮೇಲೆ 'ಟು' ಜೊತೆ ಇನ್ನೊಂದು ಕ್ರಿಯಾಪದ. 'ಐ ಟೋಲ್ಡ್ ಹಿಮ್ ಟು ವೇಟ್.' ಕಾಯೋಕೆ ಹೇಳಿದೆ. ಇಲ್ಲಿ 'ಟು' ಬಂತಲ್ಲ ಅಂತ ಗಾಬರಿ ಬೇಡ, ಇದು ಕಾಯುವುದಕ್ಕೆ ಸೇರಿದ 'ಟು', ಅವನಿಗೆ ಸೇರಿದ್ದಲ್ಲ. ಬೇಡ ಅನ್ನಬೇಕಾದರೆ 'ನಾಟ್ ಟು': 'ಐ ಟೋಲ್ಡ್ ಹಿಮ್ ನಾಟ್ ಟು ಕಮ್'. 'ಐ ಟೋಲ್ಡ್ ಹಿಮ್ ದಟ್ ಡೋಂಟ್ ಕಮ್' ಅನ್ನೋದು ಮತ್ತೆ ನಮ್ಮ 'ಬರಬೇಡ ಅಂತ' ಒಳಗಿಂದ ಇಣುಕಿದ್ದು.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಈ ಅಚ್ಚಿನಲ್ಲಿ ಟೆಲ್ ಬಂದರೆ ಅದು ಆರ್ಡರ್. 'ಐ ಟೋಲ್ಡ್ ಮೈ ಬಾಸ್ ಟು ಗಿವ್ ಮಿ ಲೀವ್' ಅಂದರೆ ಬಾಸಿಗೇ ಅಪ್ಪಣೆ ಕೊಟ್ಟ ಹಾಗೆ. ನೀವು ಮಾಡಿದ್ದು ಬೇಡಿಕೆ. 'ಐ ಆಸ್ಕ್ಡ್ ಮೈ ಬಾಸ್ ಫಾರ್ ಲೀವ್' ಅನ್ನಿ. ಡಾಕ್ಟರ್‌ಗೆ ಸ್ವಲ್ಪ ಬೇಗ ನೋಡೋಕೆ ಹೇಳಿದೆ, ಓನರ್‌ಗೆ ನಲ್ಲಿ ರಿಪೇರಿ ಮಾಡಿಸೋಕೆ ಹೇಳಿದೆ, ಇಂಥವೆಲ್ಲ ಕನ್ನಡದಲ್ಲಿ ಸಾಧಾರಣ ಮಾತು, ಯಾರಿಗೂ ಬೇಜಾರಿಲ್ಲ. ಇಂಗ್ಲಿಷಿನಲ್ಲಿ ಅವೆಲ್ಲ 'ಆಸ್ಕ್ಡ್' ಆಗಬೇಕು. ಅನುಮಾನ ಬಂದರೆ ಮನೆಯ ಲೆಕ್ಕವನ್ನೇ ಹಾಕಿ. ಅತ್ತೆ ಹತ್ತಿರ ಹೋಗಿ 'ಕಾಫಿ ಮಾಡಿ' ಅಂತ ಹೇಳ್ತೀರೋ, 'ಒಂದು ಲೋಟ ಕಾಫಿ ಸಿಗುತ್ತಾ ಅತ್ತೆ' ಅಂತ ಕೇಳ್ತೀರೋ? ಕೇಳುವ ಜಾಗದಲ್ಲೆಲ್ಲ ಆಸ್ಕ್.

ಫೋನ್ ಎತ್ತಿದಾಗ ನಾವು 'ಹಾಂ, ಹೇಳಿ' ಅಂತೀವಿ. ಎಷ್ಟು ಮೃದುವಾದ ಮಾತು! ಅದೇ 'ಯೆಸ್, ಟೆಲ್ ಮಿ' ಆದಾಗ ಹೊರದೇಶದವರಿಗೆ ಪೊಲೀಸ್ ಸ್ಟೇಷನ್ನಿಗೆ ಫೋನ್ ಮಾಡಿದ ಹಾಗೆ ಕೇಳಿಸಬಹುದು. ಭಾರತದೊಳಗೆ ಎಲ್ಲರೂ ಹೀಗೇ ಮಾತಾಡುತ್ತೇವೆ, ಅರ್ಥವೂ ಆಗುತ್ತದೆ, ನಮ್ಮ ನಮ್ಮಲ್ಲಿ ಇದಕ್ಕೆ ನನ್ನ ತಕರಾರಿಲ್ಲ. ಹೊರಗಿನವರ ಜೊತೆ 'ಯೆಸ್, ಗೋ ಅಹೆಡ್' ಅಂದರೆ ಸಾಕು. ಮೇಲ್‌ನಲ್ಲಿ 'ಪ್ಲೀಸ್ ಟೆಲ್ ಮಿ' ಬದಲು 'ಪ್ಲೀಸ್ ಲೆಟ್ ಮಿ ನೋ'. ಎದುರಾಎದುರು 'ಕುಡ್ ಯು ಟೆಲ್ ಮಿ'.

ಯಾರು ಹೇಳಿದರು ಅಂತ ಹೇಳಬೇಕಿಲ್ಲದಾಗ

'ಹತ್ತು ಗಂಟೆಗೆ ಬರೋಕೆ ಹೇಳಿದ್ರು.' ಯಾವುದಾದರೂ ಕಚೇರಿಯ ಕೌಂಟರಿನ ಮುಂದೆ ನಿಂತು ಆಡುವ ಮಾತು ಇದು. ಯಾರು ಹೇಳಿದರು? ನಿನ್ನೆ ಇದ್ದ ಯಾರೋ. ಯಾರಿಗೆ? ನನಗೆ, ಮತ್ತೆ ಯಾರಿಗೆ? ಕನ್ನಡ ಎರಡನ್ನೂ ಬಿಟ್ಟುಬಿಟ್ಟಿದೆ. ಇದನ್ನು 'ದೇ ಟೋಲ್ಡ್ ಟು ಕಮ್' ಅಂತ ಮಾಡಿದರೆ ಕಿವಿ ಕಾಣೆಯಾಯಿತು. ಇಂಥ ಜಾಗಕ್ಕೇ ಇಂಗ್ಲಿಷಿನಲ್ಲಿ ಒಂದು ಒಳ್ಳೆ ಅಚ್ಚು ಇದೆ: 'ಐ ವಾಸ್ ಟೋಲ್ಡ್ ಟು ಕಮ್ ಅಟ್ ಟೆನ್'. ಹೇಳಿದವರ ಹೆಸರು ಬೇಡ, ಕೇಳಿದ ಕಿವಿ ಮೊದಲೇ ಬಂದು ಕೂತಿದೆ. ಕೌಂಟರ್, ಏರ್‌ಪೋರ್ಟ್, ಆಸ್ಪತ್ರೆ ಎಲ್ಲಿ ಹೋದರೂ ಇದೊಂದು ವಾಕ್ಯ ಬಾಯಲ್ಲಿದ್ದರೆ ಅರ್ಧ ಕೆಲಸ ಸಲೀಸು. ಯಾರ ಮೇಲೂ ದೂರಿದಂತೆ ಇರೋದಿಲ್ಲ, ತಪ್ಪು ನನ್ನದಲ್ಲ ಅನ್ನೋದೂ ಗೊತ್ತಾಗುತ್ತದೆ.

ಇಲ್ಲಿಂದ ನನಗೆ ಇಷ್ಟವಾದ ಪದಕ್ಕೆ ಬರುತ್ತೇನೆ. 'ಅಂತೆ.' ನಾಳೆ ರಜೆಯಂತೆ. ಅವನಿಗೆ ಮದುವೆಯಂತೆ. ನಾನು ನೋಡಿಲ್ಲ, ಯಾರೋ ಹೇಳಿದರು, ಜವಾಬ್ದಾರಿ ನನ್ನದಲ್ಲ. ಇಷ್ಟನ್ನು ಎರಡಕ್ಷರದಲ್ಲಿ ಮುಗಿಸುತ್ತದೆ. ಇದಕ್ಕೆ ಬೆಂಗಳೂರಿನ ಇಂಗ್ಲಿಷ್ ಕಂಡುಕೊಂಡ ದಾರಿ 'ಇಟ್ ಸೀಮ್ಸ್'. 'ಟುಮಾರೋ ಈಸ್ ಹಾಲಿಡೇ ಇಟ್ ಸೀಮ್ಸ್.' ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ ಕಿವಿಗೆ ಬೀಳುವ ವಾಕ್ಯ. ಕೇಳಿದರೆ ನನಗೆ ಮನೆಗೆ ಬಂದಂತೆ ಆಗುತ್ತದೆ. ಆದರೆ ಹೊರಗಿನವರ ಇಂಗ್ಲಿಷಿನಲ್ಲಿ 'ಇಟ್ ಸೀಮ್ಸ್' ಅಂದರೆ 'ನನಗೆ ಹಾಗೆ ಕಾಣುತ್ತದೆ' ಅಂತ. ಅಂದರೆ ಯಾರೋ ಹೇಳಿದ ಸುದ್ದಿಯನ್ನು ನಿಮ್ಮ ಸ್ವಂತ ಊಹೆ ಅಂದುಕೊಳ್ಳುತ್ತಾರೆ. 'ಅಂತೆ'ಗೆ ಸರಿಯಾಗಿ ಹೊಂದುವುದು 'ಐ ಯಾಮ್ ಟೋಲ್ಡ್'. 'ಐ ಯಾಮ್ ಟೋಲ್ಡ್ ಟುಮಾರೋ ಈಸ್ ಎ ಹಾಲಿಡೇ.' ಸ್ವಲ್ಪ ಗಂಭೀರ ಅನಿಸಿದರೆ 'ಅಪಾರೆಂಟ್ಲಿ' ಅನ್ನೋ ಪದ ಇದೆ, ಹರಟೆಗೆ ಅದೇ ಚೆನ್ನ. ಊರಿಗೆ ಊರೇ ಆಡುವ ಮಾತಾದರೆ 'ದೇ ಸೇ'. ಅಲ್ಲಿ ಟೆಲ್ ಬರೋದಿಲ್ಲ.

ಹೇಳುವುದಲ್ಲ, ಗೊತ್ತಾಗುವುದು

ಇನ್ನೊಂದು ಟೆಲ್ ಇದೆ. ಅದರಲ್ಲಿ ಬಾಯಿಗೆ ಕೆಲಸವೇ ಇಲ್ಲ. 'ಐ ಕಾಂಟ್ ಟೆಲ್' ಅಂದರೆ 'ಹೇಳೋಕಾಗಲ್ಲ' ಅಂತ ಅಂದುಕೊಂಡು, ಇವರೇನೋ ಗುಟ್ಟು ಮುಚ್ಚಿಡುತ್ತಿದ್ದಾರೆ ಅನ್ನೋ ತೀರ್ಮಾನಕ್ಕೆ ಬರಬೇಡಿ. 'ನನಗೆ ಗೊತ್ತಾಗುತ್ತಿಲ್ಲ' ಅಂತ ಅರ್ಥ. 'ಹೌ ಕ್ಯಾನ್ ಯು ಟೆಲ್?' ಅಂದರೆ 'ನಿಂಗೆ ಹೇಗೆ ಗೊತ್ತಾಯ್ತು?'

ಮೇ ತಿಂಗಳಲ್ಲಿ ಮಾವಿನ ಅಂಗಡಿ ಮುಂದೆ ನಿಂತಿದ್ದೀರಿ ಅಂದುಕೊಳ್ಳಿ. ಕಣ್ಣು ಮುಚ್ಚಿ ಮೂಸಿ ನೋಡಿ ಇದು ಬಾದಾಮಿ, ಇದು ರಸಪುರಿ ಅನ್ನುವವರು ಇರುತ್ತಾರೆ. ಅವರ ಬಗ್ಗೆ 'ಶೀ ಕ್ಯಾನ್ ಟೆಲ್ ಬಾದಾಮಿ ಫ್ರಮ್ ರಸಪುರಿ' ಅನ್ನಬಹುದು. ಎರಡರ ನಡುವೆ 'ಫ್ರಮ್' ಬರುತ್ತದೆ. ಅವಳಿ ಮಕ್ಕಳಲ್ಲಿ ಯಾರು ಯಾರು ಅಂತ ತಿಳಿಯದಿದ್ದರೆ 'ಐ ಕಾಂಟ್ ಟೆಲ್ ದೆಮ್ ಅಪಾರ್ಟ್'. ಈ ಅರ್ಥದ ಟೆಲ್ ಮುಂದೆ ಸಾಮಾನ್ಯವಾಗಿ 'ಕ್ಯಾನ್' ಇಲ್ಲವೇ 'ಕುಡ್' ಇರುತ್ತದೆ. ಅದೇ ಗುರುತು.

ಹೇಳೋದು ಎಲ್ಲಿ, ಗೊತ್ತಾಗೋದು ಎಲ್ಲಿ, ಹೇಗಪ್ಪಾ ನಂಟು? ಬೇರಿಗೆ ಹೋದರೆ ಸಿಗುತ್ತದೆ. ಸಾವಿರ ವರ್ಷದ ಹಿಂದಿನ ಹಳೆ ಇಂಗ್ಲಿಷಿನಲ್ಲಿ ಇದು 'ಟೆಲ್ಲನ್'. ಅದಕ್ಕೆ ಎಣಿಸು ಅನ್ನೋ ಅರ್ಥವೂ ಇತ್ತು, ವಿವರಿಸಿ ಹೇಳು ಅನ್ನೋ ಅರ್ಥವೂ ಇತ್ತು. ಡಚ್ ಭಾಷೆಯಲ್ಲಿ 'ಟೆಲ್ಲನ್' ಅಂದರೆ ಇವತ್ತಿಗೂ ಎಣಿಸುವುದೇ. ಜರ್ಮನ್ನರಿಗೆ 'ತ್ಸೇಲನ್' ಅಂದರೆ ಎಣಿಸು, 'ಎರ್‌ತ್ಸೇಲನ್' ಅಂದರೆ ಕಥೆ ಹೇಳು. ಇಂಗ್ಲಿಷಿನಲ್ಲಿ ಎಣಿಸುವ ಅರ್ಥ ಹೆಚ್ಚುಕಡಿಮೆ ಸತ್ತುಹೋಗಿದ್ದರೂ ಮೂಲೆಯಲ್ಲಿ ಉಳಿದಿದೆ. ಬ್ಯಾಂಕಿನಲ್ಲಿ ದುಡ್ಡು ಎಣಿಸಿ ಕೊಡುವವರು 'ಟೆಲ್ಲರ್'. ಎಟಿಎಂ ಪದದ ನಡುವಿನ 'ಟಿ' ಅವರೇ, ಆಟೊಮೇಟೆಡ್ ಟೆಲ್ಲರ್ ಮೆಷಿನ್. ಬ್ರಿಟನ್ನಿನ ಸಂಸತ್ತಿನಲ್ಲಿ ಮತ ಎಣಿಸುವ ಸದಸ್ಯರಿಗೂ ಟೆಲ್ಲರ್ ಅಂತಲೇ ಹೆಸರು. ಎಲ್ಲ ಸೇರಿಸಿ ಇಷ್ಟು ಅನ್ನೋಕೆ 'ಆಲ್ ಟೋಲ್ಡ್'. ಜಪಮಣಿ ಎಣಿಸೋದು 'ಟೆಲಿಂಗ್ ಬೀಡ್ಸ್'.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಕರಾವಳಿ ಕಡೆಯ ಗೆಳೆಯ. ಅವನು 'ನಾನು ನೀನು ಬರುದಿಲ್ಲ ಅಂತ ಎಣಿಸಿದೆ' ಅನ್ನುತ್ತಾನೆ. ಎಣಿಸಿದೆ, ಅಂದರೆ ಅಂದುಕೊಂಡೆ. ಒಂದು, ಎರಡು ಅಂತ ಎಣಿಸೋದು, ಮನಸ್ಸಿನಲ್ಲಿ ಲೆಕ್ಕ ಹಾಕಿ ಹೀಗಿರಬೇಕು ಅಂದುಕೊಳ್ಳೋದು, ಎರಡಕ್ಕೂ ಒಂದೇ ಪದ. ಟೆಲ್ ಕೂಡ ಅದೇ ದಾರಿಯಲ್ಲಿ ನಡೆದದ್ದು. ಅವಳಿ ಮಕ್ಕಳನ್ನು 'ಟೆಲ್' ಮಾಡೋದು ಅಂದರೆ ಇವನೊಬ್ಬ, ಅವನೊಬ್ಬ ಅಂತ ಬೇರೆ ಬೇರೆಯಾಗಿ ಎಣಿಸೋದು.

ಮೋಸ ಮಾಡುವ ನುಡಿಗಟ್ಟುಗಳು

ಒಂದು ಸಲ ಅಮೆರಿಕದ ಸಹೋದ್ಯೋಗಿ ಜೊತೆ ಫೋನಿನಲ್ಲಿದ್ದೆ. ಮೀಟಿಂಗಿಗೆ ತಡವಾಗಿ ಬಂದಿದ್ದೆ. 'ಸಿಲ್ಕ್ ಬೋರ್ಡ್ ಟ್ರಾಫಿಕ್ ಭಯಂಕರ' ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಆತನೂ ದಿನಾ ಟ್ರಾಫಿಕ್ಕಿನಲ್ಲಿ ಒದ್ದಾಡುವವನೇ. 'ಟೆಲ್ ಮಿ ಅಬೌಟ್ ಇಟ್!' ಅಂದ. ಪಾಪ, ಆಸಕ್ತಿ ಇದೆ ಅಂದುಕೊಂಡು ನಾನು ಫ್ಲೈಓವರ್, ಮೆಟ್ರೋ ಕಾಮಗಾರಿ, ಮಳೆನೀರು, ಬಸ್‌ಗಳು ಅಡ್ಡ ನಿಲ್ಲೋದು ಎಲ್ಲ ಐದು ನಿಮಿಷ ವರ್ಣಿಸಿದೆ. ಆತ ತಾಳ್ಮೆಯಿಂದ ಕೇಳಿಸಿಕೊಂಡ. ಆಮೇಲೆ ಗೊತ್ತಾಯಿತು, 'ಟೆಲ್ ಮಿ ಅಬೌಟ್ ಇಟ್' ಅಂದರೆ 'ಅಯ್ಯೋ, ನಂಗೆ ಗೊತ್ತಿಲ್ವಾ' ಅಂತ. ಇನ್ನೇನೂ ಹೇಳೋದು ಬೇಡ ಅಂತ!

ಇಂಟರ್‌ವ್ಯೂನಲ್ಲಿ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದಾಗ ಮಾತ್ರ ನಿಜವಾಗಿಯೂ ಹೇಳಬೇಕು. ಕೊನೆಯ ಪದ 'ಇಟ್' ಆಗಿ, ದನಿಯಲ್ಲಿ ನಿಟ್ಟುಸಿರು ಇದ್ದರೆ ಸುಮ್ಮನೆ ನಕ್ಕುಬಿಡಿ. 'ಯು ಆರ್ ಟೆಲಿಂಗ್ ಮಿ!' ಅನ್ನೋದೂ ಇದೇ ಜಾತಿ.

'ಟೆಲ್ ಆಫ್' ಅಂದರೆ ಬೈಯೋದು. 'ಐ ಗಾಟ್ ಟೋಲ್ಡ್ ಆಫ್', ಚೆನ್ನಾಗಿ ಬೈಸಿಕೊಂಡೆ. 'ಟೆಲ್ ಆನ್' ಅಂದರೆ ಚಾಡಿ ಹೇಳೋದು, ಶಾಲೆಯ ಮಕ್ಕಳ ಮಾತು: 'ಹಿ ಟೋಲ್ಡ್ ಆನ್ ಮಿ'. 'ಐ ಟೋಲ್ಡ್ ಯು ಸೋ' ಅಂದರೆ ನಮ್ಮ ಮನೆಗಳಲ್ಲಿ ಹಾಲು ಉಕ್ಕಿದ ಮೇಲೆ ಕೇಳಿಬರುವ 'ನಾನು ಆಗಲೇ ಬಡ್ಕೊಂಡೆ' ಅನ್ನೋದು. 'ಡೋಂಟ್ ಟೆಲ್ ಮಿ ಯು ಫರ್ಗಾಟ್' ಅನ್ನೋದು ಕನ್ನಡದ 'ಮರೆತೆ ಅಂತ ಮಾತ್ರ ಹೇಳ್ಬೇಡ' ಅನ್ನೋದಕ್ಕೆ ಸರಿಸಮ. ಹೀಗೆ ಪದಕ್ಕೆ ಪದ ಕೂಡಿಬರೋದು ಅಪರೂಪ, ಸಿಕ್ಕಿದಾಗ ಧೈರ್ಯವಾಗಿ ಬಳಸಿ.

ಹೆಂಗೆ ರೂಢಿ ಮಾಡಿಕೊಳ್ಳೋದು

ನಿಯಮ ಓದಿದರೆ ನಾಲಿಗೆ ಕಲಿಯೋದಿಲ್ಲ. ನಾನು ಮಾಡಿದ್ದು ಇಷ್ಟು. ರಾತ್ರಿ ಮಲಗುವ ಮುಂಚೆ ಅವತ್ತು ಕನ್ನಡದಲ್ಲಿ ಆಡಿದ, ಇಲ್ಲವೇ ಕಿವಿಗೆ ಬಿದ್ದ ಐದು 'ಹೇಳು' ವಾಕ್ಯ ನೆನಪು ಮಾಡಿಕೊಳ್ಳುತ್ತಿದ್ದೆ. ಹಾಲಿನವನಿಗೆ ಹೇಳಿದ್ದು, ಅಮ್ಮ ಫೋನಿನಲ್ಲಿ ಹೇಳಿದ್ದು, ಕಂಡಕ್ಟರ್ ಹೇಳಿದ್ದು. ಒಂದೊಂದನ್ನೂ ಇಂಗ್ಲಿಷಿಗೆ ತಿರುಗಿಸಿ ಮೆಲ್ಲಗೆ ಬಾಯಿಬಿಟ್ಟು ಅನ್ನುತ್ತಿದ್ದೆ. 'ದ ಕಂಡಕ್ಟರ್ ಟೋಲ್ಡ್ ಮಿ ಟು ಗೆಟ್ ಆಫ್ ಅಟ್ ದ ನೆಕ್ಸ್ಟ್ ಸ್ಟಾಪ್.' ಯಾರಿಗೆ ಹೇಳಿದ್ದು ಅಂತ ಮೊದಲು, ಒಳಗಿನ ನಾನು ಯಾರು ಅಂತ ಆಮೇಲೆ, ಹೇಳಿದ್ದೋ ಕೇಳಿದ್ದೋ ಅಂತ ಕೊನೆಗೆ. ಮೂರು ವಾರಕ್ಕೆ 'ಟೋಲ್ಡ್' ಅಂದ ಕೂಡಲೇ 'ಮಿ, ಹಿಮ್, ಹರ್' ತಾನಾಗಿ ಬರತೊಡಗಿತು.

ಐದು ವಾಕ್ಯದಲ್ಲಿ ನಾಲ್ಕು ಸುಲಭವಾಗಿ ದಾಟುತ್ತವೆ. ಒಂದು ಕಾಡುತ್ತದೆ. ನನ್ನನ್ನು ತುಂಬಾ ದಿನ ಕಾಡಿದ್ದು, ಊರಿನವರು ಸಿಕ್ಕಾಗ ಹೊರಡುವ ಮುಂಚೆ ನಾವೆಲ್ಲ ಆಡುವ ಮಾತು: 'ಅಮ್ಮನ್ನ ಕೇಳಿದೆ ಅಂತ ಹೇಳು.' ಇಲ್ಲಿ 'ಕೇಳಿದೆ' ಅಂದರೆ ಪ್ರಶ್ನೆ ಕೇಳಿದ್ದಲ್ಲ, ಕಿವಿಯಿಂದ ಕೇಳಿದ್ದೂ ಅಲ್ಲ, ಚೆನ್ನಾಗಿದ್ದಾರಾ ಅಂತ ವಿಚಾರಿಸಿದ್ದು. 'ಟೆಲ್ ಯುವರ್ ಮದರ್ ಐ ಆಸ್ಕ್ಡ್' ಅಂದರೆ 'ಏನು ಕೇಳಿದಿರಿ?' ಅನ್ನುತ್ತಾರೆ. 'ಟೆಲ್ ಯುವರ್ ಮದರ್ ಐ ವಾಸ್ ಆಸ್ಕಿಂಗ್ ಆಫ್ಟರ್ ಹರ್' ಅಂದರೆ ಸರಿಹೋಗುತ್ತದೆ. ಇಷ್ಟೆಲ್ಲ ಬೇಡ ಅನಿಸಿದರೆ, 'ಟೆಲ್ ಹರ್ ಐ ಸೆಡ್ ಹಾಯ್'. ಟೆಲ್ ಪಕ್ಕ ಕಿವಿ ಇದೆ, ಸೇ ಪಕ್ಕ ಮಾತಿದೆ.